ಹಿಂಬದಿಯ ಸಣ್ಣ ಅಕ್ಷರ: ಜಾಝ್ ಆಲ್ಬಮ್ ಹುಡುಕುವ, ಹೇಳುವ ನನ್ನ ಅನುಭವ

ಜಾಝ್ ಕೇಳುವ ಗೆಳೆಯರು ನನ್ನನ್ನು ಜಾಸ್ತಿ ಕೇಳುವುದು ಒಂದೇ ಪ್ರಶ್ನೆ. ಇಷ್ಟೊಂದು ಆಲ್ಬಮ್ ನಿಮಗೆ ಎಲ್ಲಿಂದ ಸಿಗುತ್ತವೆ ಅಂತ. ನಾನು ಮಾಡುವುದು ಇಷ್ಟೇ. ಇಷ್ಟವಾದ ಒಂದು ಆಲ್ಬಮ್ ತೆಗೆದುಕೊಳ್ಳುತ್ತೇನೆ. ಅದರ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿರುವ ಹೆಸರುಗಳನ್ನು ಓದುತ್ತೇನೆ. ಅವರಲ್ಲಿ ಒಬ್ಬರನ್ನು ಆರಿಸಿಕೊಂಡು ಬೆನ್ನು ಹತ್ತುತ್ತೇನೆ, ಅವರು ಯಾರ್ಯಾರ ಜೊತೆ ನುಡಿಸಿದ್ದಾರೋ ಅದನ್ನೆಲ್ಲ ಒಂದೊಂದಾಗಿ ಕೇಳುತ್ತಾ ಹೋಗುತ್ತೇನೆ.

'ಕೇಳಲೇಬೇಕಾದ 100 ಆಲ್ಬಮ್' ಥರದ ಪಟ್ಟಿಗಳ ಮೇಲೆ ನನಗೆ ಸಿಟ್ಟೇನೂ ಇಲ್ಲ. ಮೊದಲ ನಾಲ್ಕಾರು ಹೆಸರು ಅಲ್ಲಿಂದಲೇ ಸಿಗಬೇಕು. ಆದರೆ ಪಟ್ಟಿಯಲ್ಲಿ ಒಂದು ಆಲ್ಬಮ್‌ಗೂ ಅದರ ಕೆಳಗಿನದಕ್ಕೂ ಸಂಬಂಧವೇ ಇರುವುದಿಲ್ಲ. ಒಂದನ್ನು ಕೇಳಿ ಇನ್ನೊಂದಕ್ಕೆ ಹೋದರೆ ಕಿವಿ ಮತ್ತೆ ಮೊದಲಿಂದ ಶುರು ಮಾಡಬೇಕು. ಜಾಝ್‌ನಲ್ಲಿ ಆಲ್ಬಮ್‌ಗಳ ನಡುವಿನ ನಂಟು ಇರುವುದು ನುಡಿಸುವವರಲ್ಲಿ. ರಾಕ್ ಬ್ಯಾಂಡ್ ಅಂದರೆ ಸಾಮಾನ್ಯವಾಗಿ ಅದೇ ನಾಲ್ಕೈದು ಜನ, ವರ್ಷಗಟ್ಟಲೆ. 1950, 60ರ ದಶಕದ ನ್ಯೂಯಾರ್ಕ್ ಜಾಝ್‌ನಲ್ಲಿ ಹಾಗಿರಲಿಲ್ಲ. ಈ ವಾರ ತಮ್ಮ ಹೆಸರಲ್ಲಿ ರೆಕಾರ್ಡ್ ಮಾಡಿದವರು ಮುಂದಿನ ವಾರ ಇನ್ನೊಬ್ಬರ ಆಲ್ಬಮ್‌ನಲ್ಲಿ ಪಕ್ಕವಾದ್ಯಕ್ಕೆ ಕೂತಿರುತ್ತಿದ್ದರು. ಹಾಗಾಗಿ ಒಬ್ಬರನ್ನು ಹಿಡಿದರೆ ಹತ್ತು ಜನ ಸಿಗುತ್ತಾರೆ.

ನನ್ನ ಮಟ್ಟಿಗೆ ಇದು ಪಾಲ್ ಚೇಂಬರ್ಸ್ ಅವರಿಂದ ಶುರುವಾಯಿತು. ಡಬಲ್ ಬೇಸ್ ನುಡಿಸುತ್ತಿದ್ದವರು, ಅಂದರೆ ವಯೊಲಿನ್ ಆಕಾರದ, ಆಳೆತ್ತರದ ತಗ್ಗು ದನಿಯ ತಂತಿವಾದ್ಯ. ಮೈಲ್ಸ್ ಡೇವಿಸ್ ಅವರ 'ಕೈಂಡ್ ಆಫ್ ಬ್ಲೂ' ನೀವು ಕೇಳಿಯೇ ಇರುತ್ತೀರಿ, 1959ರಲ್ಲಿ ಎರಡೇ ದಿನ ಕೂತು ರೆಕಾರ್ಡ್ ಮಾಡಿದ್ದು, ಒಂದು ದಿನ ಮಾರ್ಚ್‌ನಲ್ಲಿ, ಇನ್ನೊಂದು ಏಪ್ರಿಲ್‌ನಲ್ಲಿ. ಅದರ ಮೊದಲ ಟ್ರ್ಯಾಕ್ 'ಸೋ ವಾಟ್' ಹಾಕಿ. ಪಿಯಾನೋ ಮತ್ತು ಬೇಸ್ ಮೆಲ್ಲಗೆ, ಏನೋ ತಡಕಾಡುತ್ತಿರುವ ಹಾಗೆ ಶುರು ಮಾಡುತ್ತವೆ. ಆಮೇಲೆ ಬೇಸ್ ಒಂದು ಮಾತು ಹೇಳುತ್ತದೆ, ಉಳಿದವರು ಚುಟುಕಾಗಿ ಎರಡು ಸ್ವರದಲ್ಲಿ ಉತ್ತರ ಕೊಡುತ್ತಾರೆ. ಮತ್ತೆ ಬೇಸ್, ಮತ್ತೆ ಉತ್ತರ. ಅಂದರೆ ಈ ಹಾಡಿನ ರಾಗವನ್ನು ಹೇಳುತ್ತಿರುವುದೇ ಬೇಸ್! ಒಂದೂವರೆ ನಿಮಿಷದ ಹೊತ್ತಿಗೆ ಡ್ರಮ್ಸ್‌ನ ಜಿಮ್ಮಿ ಕಾಬ್ ಸಿಂಬಲ್ (ಡ್ರಮ್ಸ್‌ನ ಲೋಹದ ತಟ್ಟೆ) ಮೇಲೆ ಒಂದು ಏಟು ಕೊಡುತ್ತಾರೆ. ಆ ಸದ್ದು ಇನ್ನೂ ಗಾಳಿಯಲ್ಲಿರುವಾಗಲೇ ಮೈಲ್ಸ್ ಟ್ರಂಪೆಟ್ ಎತ್ತಿಕೊಂಡಿರುತ್ತಾರೆ. ಎಲ್ಲರೂ ಆ ಟ್ರಂಪೆಟ್ ಹಿಂದೆ ಹೋಗುತ್ತಾರೆ. ನೀವು ಒಂದು ಸಲ ಹೋಗಬೇಡಿ. ಕೆಳಗೆ ಬೇಸ್ ಏನು ಮಾಡುತ್ತಿದೆ ಅಂತ ಮಾತ್ರ ಕೇಳಿ, ಒಂಬತ್ತು ನಿಮಿಷವೂ.

ಎರಡನೇ ದಿನದ ರೆಕಾರ್ಡಿಂಗ್ ನಡೆದದ್ದು ಏಪ್ರಿಲ್ 22ಕ್ಕೆ. ಅವತ್ತು ಚೇಂಬರ್ಸ್‌ಗೆ 24 ತುಂಬಿತು. ಅಷ್ಟರಲ್ಲಾಗಲೇ ಅವರು ಎಷ್ಟು ಕಡೆ ನುಡಿಸಿದ್ದರು ಅಂತ ನೋಡಿದರೆ ತಲೆ ತಿರುಗುತ್ತದೆ. 1957ರಲ್ಲಿ ಸ್ಯಾಕ್ಸೊಫೋನ್ (ಸ್ಯಾಕ್ಸ್) ನುಡಿಸುತ್ತಿದ್ದ ಜಾನ್ ಕೋಲ್ಟ್ರೇನ್ ಅವರ 'ಬ್ಲೂ ಟ್ರೇನ್'. ಅದೇ ವರ್ಷ ಲಾಸ್ ಏಂಜಲೀಸ್‌ನಲ್ಲಿ 'ಆರ್ಟ್ ಪೆಪ್ಪರ್ ಮೀಟ್ಸ್ ದ ರಿದಮ್ ಸೆಕ್ಷನ್'. 1958ರಲ್ಲಿ ಸಾನಿ ಕ್ಲಾರ್ಕ್ ಅವರ 'ಕೂಲ್ ಸ್ಟ್ರಟಿನ್'. ಆಮೇಲೆ 1960ರಲ್ಲಿ ಹ್ಯಾಂಕ್ ಮೋಬ್ಲಿ ಅವರ 'ಸೋಲ್ ಸ್ಟೇಷನ್', 1961ರಲ್ಲಿ ಆಲಿವರ್ ನೆಲ್ಸನ್ ಅವರ 'ದ ಬ್ಲೂಸ್ ಅಂಡ್ ದಿ ಆಬ್‌ಸ್ಟ್ರ್ಯಾಕ್ಟ್ ಟ್ರೂತ್'. ಇವಿಷ್ಟನ್ನೂ ನಾನು ಸಾಲಾಗಿ, ಬೇರೇನೂ ಮಧ್ಯೆ ಹಾಕದೆ ಕೇಳಿದೆ. ಬೇಸ್ ಒಬ್ಬರೇ, ಸುತ್ತ ಇರುವವರು ಮಾತ್ರ ಬೇರೆ ಬೇರೆ. ಆಗ ಏನಾಗುತ್ತದೆ ಅಂದರೆ, ಬದಲಾಗದೆ ಉಳಿದ ಒಂದು ದನಿ ಕಿವಿಗೆ ಆಧಾರ ಸಿಕ್ಕ ಹಾಗೆ ಸಿಗುತ್ತದೆ, ಅದನ್ನಿಟ್ಟುಕೊಂಡು ಬಾಕಿಯವರ ಗುಣ ತಾನಾಗಿ ಗೊತ್ತಾಗುತ್ತಾ ಹೋಗುತ್ತದೆ. ಫಿಲ್ಲಿ ಜೋ ಜೋನ್ಸ್ ಡ್ರಮ್ಸ್‌ಗೂ ಆರ್ಟ್ ಬ್ಲೇಕಿ ಡ್ರಮ್ಸ್‌ಗೂ ಏನು ವ್ಯತ್ಯಾಸ ಅಂತ ನನಗೆ ಯಾವ ಪುಸ್ತಕವೂ ಹೇಳಿಕೊಟ್ಟಿಲ್ಲ. ಜೋನ್ಸ್ ನುಡಿಸಿದ 'ಕೂಲ್ ಸ್ಟ್ರಟಿನ್' ಆದ ಮೇಲೆ ಬ್ಲೇಕಿ ನುಡಿಸಿದ 'ಸೋಲ್ ಸ್ಟೇಷನ್' ಹಾಕಿದಾಗ ತಿಳಿಯಿತು.

ಚೇಂಬರ್ಸ್ ಕಮಾನು ಹಿಡಿದೂ ನುಡಿಸುತ್ತಿದ್ದರು. ಬಹಳಷ್ಟು ಜಾಝ್ ಬೇಸ್‌ನವರು ಬೆರಳಲ್ಲೇ ಮೀಟುತ್ತಾರೆ. ಇವರ ಸ್ವಂತ ಆಲ್ಬಮ್ 'ಬೇಸ್ ಆನ್ ಟಾಪ್' ಶುರುವಾಗುವುದೇ ಕಮಾನಿನಿಂದ, 'ಯೆಸ್ಟರ್‌ಡೇಸ್' ಅನ್ನುವ ಹಳೆಯ ಹಾಡಿನಿಂದ. ಆ ಸದ್ದು ಸ್ವಲ್ಪ ಒರಟು, ಕೆಲವರಿಗೆ ಹಿಡಿಸಲ್ಲ. ನನಗೆ ತುಂಬಾ ಇಷ್ಟ. ಕೋಲ್ಟ್ರೇನ್ 'ಜೈಂಟ್ ಸ್ಟೆಪ್ಸ್' ಆಲ್ಬಮ್‌ನಲ್ಲಿ 'ಮಿಸ್ಟರ್ ಪಿ.ಸಿ.' ಅಂತ ಒಂದು ಟ್ಯೂನ್‌ಗೆ ಇವರ ಹೆಸರೇ ಇಟ್ಟರು. 1969ರ ಜನವರಿಯಲ್ಲಿ ಚೇಂಬರ್ಸ್ ತೀರಿಕೊಂಡರು, 33ನೇ ವಯಸ್ಸಿಗೆ. ಅಷ್ಟು ಕಡಿಮೆ ಕಾಲದಲ್ಲಿ ಅವರು ಬಿಟ್ಟುಹೋದದ್ದನ್ನು ನಾನಿನ್ನೂ ಕೇಳಿ ಮುಗಿಸಿಲ್ಲ.

ಒಂದು ಎಚ್ಚರಿಕೆ. ಮೊಬೈಲ್ ಆ್ಯಪ್‌ಗಳಲ್ಲಿ ಆಲ್ಬಮ್ ಪಕ್ಕ ಕಾಣುವ ವರ್ಷ ನಂಬಬೇಡಿ. ಎಷ್ಟೋ ಸಲ ಅದು ಮರುಬಿಡುಗಡೆಯ ವರ್ಷ. ಬಿಡುಗಡೆಯ ವರ್ಷ ಸರಿಯಾಗಿದ್ದರೂ ಸಾಲದು, ರೆಕಾರ್ಡ್ ಆದ ದಿನ ಬೇಕು. ವೇಯ್ನ್ ಶಾರ್ಟರ್ ಅವರ 'ಎಟ್ಸೆಟ್ರಾ' ರೆಕಾರ್ಡ್ ಆದದ್ದು 1965ರಲ್ಲಿ, ಬ್ಲೂ ನೋಟ್ ಕಂಪನಿ ಅದನ್ನು ಹೊರಗೆ ತಂದದ್ದು 1980ರಲ್ಲಿ. ಥೆಲೋನಿಯಸ್ ಮಾಂಕ್ ಮತ್ತು ಕೋಲ್ಟ್ರೇನ್ 1957ರ ನವೆಂಬರ್‌ನಲ್ಲಿ ಕಾರ್ನೆಗಿ ಹಾಲ್‌ನಲ್ಲಿ ನುಡಿಸಿದ್ದರ ಟೇಪು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಸಿಕ್ಕಿದ್ದು 2005ರಲ್ಲಿ. ಬಿಡುಗಡೆಯ ವರ್ಷ ನೋಡಿ ಜೋಡಿಸಿದರೆ ಕಥೆಯೇ ತಲೆಕೆಳಗಾಗುತ್ತದೆ. ನಾನು ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದೇನೆ. ಆಲ್ಬಮ್, ರೆಕಾರ್ಡ್ ಆದ ದಿನ, ನುಡಿಸಿದವರು, ನನಗೆ ಹಿಡಿಸಿದ ಜಾಗ ಎಷ್ಟನೇ ನಿಮಿಷದಲ್ಲಿದೆ, ಇಷ್ಟೇ. ನಕ್ಷತ್ರ ಗಿಕ್ಷತ್ರ ಕೊಡಲ್ಲ.

ಹುಡುಕಾಟದ ವಿಷಯ ಇದಾಯಿತು. ಇನ್ನೊಬ್ಬರಿಗೆ ಹೇಳುವುದು ಬೇರೆಯೇ ಕೆಲಸ, ಅದಕ್ಕೆ ಜಾಸ್ತಿ ಗಮನ ಬೇಕು.

ಯಾರಾದರೂ "ಒಂದು ಜಾಝ್ ಆಲ್ಬಮ್ ಹೇಳಿ" ಅಂದರೆ ನಾನು ಮೊದಲು ಕೇಳುವುದು, ಈಗ ನೀವು ಏನು ಕೇಳುತ್ತಿದ್ದೀರಿ, ಅದರಲ್ಲಿ ಏನು ಹಿಡಿಸಿತು ಅಂತ. ಹಾಡುವ ದನಿ ಬೇಕು ಅನ್ನುವವರಿಗೆ 1956ರ 'ಎಲ್ಲಾ ಅಂಡ್ ಲೂಯಿ'. ಎಲ್ಲಾ ಫಿಟ್ಜ್‌ಜೆರಾಲ್ಡ್ ಅವರ ನುಣುಪಾದ ಕಂಠ, ಲೂಯಿ ಆರ್ಮ್‌ಸ್ಟ್ರಾಂಗ್ ಅವರ ಕೆರಕಲು ಕಂಠ, ಎರಡೂ ಒಂದೇ ಹಾಡನ್ನು ಹಂಚಿಕೊಳ್ಳುವುದನ್ನು ಕೇಳಿ ಬೇಡ ಅಂದವರನ್ನು ನಾನು ಕಂಡಿಲ್ಲ. ತಾಳ, ಗತ್ತು ಬೇಕು ಅನ್ನುವವರಿಗೆ ಆರ್ಟ್ ಬ್ಲೇಕಿ ಅವರ 'ಮೋನಿನ್'. ಫಂಕ್ ಕೇಳುವ ಹುಡುಗರಿಗೆ ಹರ್ಬಿ ಹ್ಯಾನ್‌ಕಾಕ್ ಅವರ 1973ರ 'ಹೆಡ್ ಹಂಟರ್ಸ್'. ಲೆಕ್ಕಾಚಾರ ಇಷ್ಟಪಡುವವರಿಗೆ ಡೇವ್ ಬ್ರೂಬೆಕ್ ಅವರ 'ಟೈಮ್ ಔಟ್', ಅದರ 'ಟೇಕ್ ಫೈವ್' ಐದು ಎಣಿಕೆಯ ಮೇಲೆ ಓಡುತ್ತದೆ. (ಅದನ್ನು ಬರೆದದ್ದು ಬ್ರೂಬೆಕ್ ಅಲ್ಲ, ಅವರ ಜೊತೆ ಸ್ಯಾಕ್ಸ್ ನುಡಿಸುತ್ತಿದ್ದ ಪಾಲ್ ಡೆಸ್ಮಂಡ್.)

ಹೇಳುವುದು ಒಂದೇ ಆಲ್ಬಮ್. ಹತ್ತು ಹೇಳಿದರೆ ಒಂದನ್ನೂ ಕೇಳಲ್ಲ, ಇದಂತೂ ಖಂಡಿತ. ಆ ಒಂದರಲ್ಲೂ ಯಾವ ಟ್ರ್ಯಾಕ್‌ನಿಂದ ಶುರು ಮಾಡಬೇಕು, ಏನನ್ನು ಗಮನಿಸಬೇಕು ಅಂತ ಹೇಳುತ್ತೇನೆ. "ಅದ್ಭುತ, ಮಾಸ್ಟರ್‌ಪೀಸ್" ಅಂತ ಹೇಳಿದರೆ ಕೇಳುವವರಿಗೆ ಭಾರ ಹೊರಿಸಿದ ಹಾಗೆ, ಇಷ್ಟವಾಗದಿದ್ದರೆ ತಪ್ಪು ತಮ್ಮದೇ ಅಂದುಕೊಳ್ಳುತ್ತಾರೆ. "ಮೊದಲ ಸೋಲೋ ಮುಗಿಯುವಾಗ ಪಿಯಾನೋ ಏನು ಮಾಡುತ್ತೆ ನೋಡಿ" ಅಂದರೆ ಕೂತು ಕೇಳುತ್ತಾರೆ.

ನಾನು ಅತಿ ಹೆಚ್ಚು ಜನರಿಗೆ ಹೇಳಿರುವುದು ಗಿಟಾರ್ ನುಡಿಸುತ್ತಿದ್ದ ಗ್ರಾಂಟ್ ಗ್ರೀನ್ ಅವರ 'ಐಡಲ್ ಮೊಮೆಂಟ್ಸ್'. 1963ರ ನವೆಂಬರ್‌ನಲ್ಲಿ ರೆಕಾರ್ಡ್ ಆದದ್ದು. ಆಲ್ಬಮ್‌ನ ಹೆಸರೇ ಇರುವ ಟ್ರ್ಯಾಕ್ ಸುಮಾರು 15 ನಿಮಿಷ ಇದೆ, ಅಷ್ಟು ಉದ್ದ ಆಗಬೇಕು ಅಂತ ಯಾರೂ ಅಂದುಕೊಂಡಿರಲಿಲ್ಲ. ಒಂದು ಸುತ್ತು ಅಂದರೆ ಎಷ್ಟು ಉದ್ದ ಅನ್ನುವುದರಲ್ಲಿ ಗೊಂದಲವಾಗಿ ಸೋಲೋಗಳು (ಒಬ್ಬೊಬ್ಬರೇ ಮುಂದೆ ಬಂದು ನುಡಿಸುವ ಭಾಗಗಳು) ಉದ್ದವಾದವು. ಎಲ್‌ಪಿಯ (ಹಳೆಯ ಗ್ರಾಮಫೋನ್ ತಟ್ಟೆ) ಒಂದು ಬದಿಗೆ ಹಿಡಿಸುವುದೇ ಇಪ್ಪತ್ತು ನಿಮಿಷದ ಆಸುಪಾಸು. ಚಿಕ್ಕದಾಗಿ ಇನ್ನೊಮ್ಮೆ ನುಡಿಸಬಹುದಿತ್ತು, ಆದರೆ ಆ ಭಾವ ಮತ್ತೆ ಬರಲ್ಲ ಅನ್ನಿಸಿ ಇದನ್ನು ಹಾಗೇ ಉಳಿಸಿಕೊಂಡು, ಬೇರೆ ಟ್ಯೂನ್‌ಗಳನ್ನು ಚಿಕ್ಕದು ಮಾಡಿ ಮತ್ತೆ ರೆಕಾರ್ಡ್ ಮಾಡಿದರು. ಈ ಕಥೆ ಹೇಳಿ ಕೇಳಿಸಿದರೆ ಯಾರೂ ಫಾರ್ವರ್ಡ್ ಮಾಡಲ್ಲ. ಒಬ್ಬೊಬ್ಬರೂ ಅವಸರವಿಲ್ಲದೆ ತಮ್ಮ ಸರದಿ ತೆಗೆದುಕೊಳ್ಳುವುದು ಆಗ ಕಿವಿಗೆ ಬೀಳುತ್ತದೆ.

ಅದರಲ್ಲಿ ವೈಬ್ರಫೋನ್ (ಲೋಹದ ಪಟ್ಟಿಗಳನ್ನು ಕೋಲಿನಿಂದ ಬಾರಿಸುವ ವಾದ್ಯ) ನುಡಿಸಿರುವವರು ಬಾಬ್ಬಿ ಹಚರ್ಸನ್. ಮೂರೇ ತಿಂಗಳ ನಂತರ, 1964ರ ಫೆಬ್ರವರಿಯಲ್ಲಿ, ಅದೇ ಹಚರ್ಸನ್ ಎರಿಕ್ ಡಾಲ್ಫಿ ಅವರ 'ಔಟ್ ಟು ಲಂಚ್' ಆಲ್ಬಮ್‌ನಲ್ಲಿ ಇದ್ದಾರೆ. ಅದು ಸುಲಭದ ಆಲ್ಬಮ್ ಅಲ್ಲ. ತಾಳ ಮುರಿದು ಮುರಿದು ಬರುತ್ತದೆ, ಡ್ರಮ್ಸ್‌ನಲ್ಲಿ ಕೂತಿರುವ ಟೋನಿ ವಿಲಿಯಮ್ಸ್‌ಗೆ ಆಗ 18 ವರ್ಷ. ನೇರವಾಗಿ ಕೊಟ್ಟರೆ ಅರ್ಧ ಜನ ಎರಡನೇ ನಿಮಿಷಕ್ಕೇ ನಿಲ್ಲಿಸುತ್ತಾರೆ. 'ಐಡಲ್ ಮೊಮೆಂಟ್ಸ್' ಕೇಳಿ ಆ ವೈಬ್ರಫೋನ್ ಸದ್ದಿಗೆ ಮರುಳಾದವರಿಗೆ, "ಅದೇ ಮನುಷ್ಯ ಇಲ್ಲಿ ಏನು ಮಾಡಿದ್ದಾರೆ ನೋಡಿ" ಅಂತ ಕೊಟ್ಟರೆ ಬೇರೆ ಥರ ಕೇಳುತ್ತಾರೆ. ಕಷ್ಟದ ಆಲ್ಬಮ್‌ಗೆ ಪರಿಚಯದ ಒಬ್ಬರನ್ನು ಮುಂದಿಟ್ಟುಕೊಂಡು ಹೋಗಬೇಕು. ಡಾಲ್ಫಿ ಕಡೆಯಿಂದಲೂ ದಾರಿ ಇದೆ. ಮೇಲೆ ಹೇಳಿದ ಆಲಿವರ್ ನೆಲ್ಸನ್ ಆಲ್ಬಮ್‌ನ 'ಸ್ಟೋಲನ್ ಮೊಮೆಂಟ್ಸ್'ನಲ್ಲಿ ಕೊಳಲು ನುಡಿಸಿರುವುದು ಅವರೇ.

ಗೆಳೆಯರು ಸೇರಿ ಕೇಳುವಾಗ ನಾವು ಒಂದು ಪದ್ಧತಿ ಇಟ್ಟುಕೊಂಡಿದ್ದೇವೆ. ಆಲ್ಬಮ್ ತಂದವರು ಹೆಸರು ಹೇಳುವ ಹಾಗಿಲ್ಲ. ಒಂದು ಬದಿ ಪೂರ್ತಿ ಮುಗಿಯುವವರೆಗೆ ಯಾರೂ ಮಾತಾಡುವ ಹಾಗೂ ಇಲ್ಲ. ಇದೇನು ಹೊಸದಲ್ಲ, ಲಿಯೋನಾರ್ಡ್ ಫೆದರ್ ಅನ್ನುವ ವಿಮರ್ಶಕರು 1940ರ ದಶಕದಲ್ಲೇ ಸಂಗೀತಗಾರರನ್ನು ಕೂರಿಸಿ, ಯಾರದ್ದು ಅಂತ ಹೇಳದೆ ರೆಕಾರ್ಡ್ ಕೇಳಿಸಿ, ಅವರ ಅಭಿಪ್ರಾಯ ಬರೆದುಕೊಳ್ಳುತ್ತಿದ್ದರು. ನಮ್ಮಲ್ಲಿ ಇದರಿಂದ ತುಂಬಾ ಒಳ್ಳೆಯದಾಗಿದೆ. ದೊಡ್ಡ ಹೆಸರು ಅಂತ ಹೊಗಳುವುದು, ಗೊತ್ತಿಲ್ಲದ ಹೆಸರು ಅಂತ ಮೂಗು ಮುರಿಯುವುದು ಎರಡೂ ನಿಂತಿವೆ. ಸಾನಿ ಕ್ಲಾರ್ಕ್ ಹೆಸರೇ ಕೇಳದ ಗೆಳತಿಯೊಬ್ಬರು 'ಕೂಲ್ ಸ್ಟ್ರಟಿನ್' ಮುಗಿದ ಮೇಲೆ ಮೊದಲು ಅಂದದ್ದು, "ಇನ್ನೊಂದು ಸಲ ಹಾಕಿ".

ಪಿಯಾನೋ ನುಡಿಸುತ್ತಿದ್ದ ಬಿಲ್ ಎವನ್ಸ್ ಅವರ 'ಸಂಡೇ ಅಟ್ ದ ವಿಲೇಜ್ ವ್ಯಾನ್‌ಗಾರ್ಡ್' ಹಾಕಿದಾಗ ಮಾತ್ರ ಹೆಸರು ಮುಚ್ಚಿಡುವುದು ನನಗೆ ಇಷ್ಟವಿಲ್ಲ. 1961ರ ಜೂನ್ 25, ಒಂದು ಸಣ್ಣ ಕ್ಲಬ್. ಲೋಟಗಳ ಟಣಟಣ, ಜನರ ಮಾತು ಎಲ್ಲ ಕೇಳಿಸುತ್ತದೆ. ಬೇಸ್‌ನ ಸ್ಕಾಟ್ ಲಫಾರೋ ಪಿಯಾನೋ ಹಿಂದೆ ನಡೆಯುವುದಿಲ್ಲ, ಸಮಸಮವಾಗಿ ಮಾತಾಡುತ್ತಾರೆ. ಅದಾದ 11ನೇ ದಿನಕ್ಕೆ ಅವರು ಕಾರು ಅಪಘಾತದಲ್ಲಿ ತೀರಿಕೊಂಡರು, 25 ವರ್ಷಕ್ಕೆ. ಇದನ್ನು ಕೇಳುವ ಮೊದಲು ಹೇಳಬೇಕೋ ಆಮೇಲೆ ಹೇಳಬೇಕೋ ಅನ್ನುವುದರ ಬಗ್ಗೆ ನಮ್ಮಲ್ಲಿ ಇನ್ನೂ ವಾದ ಇದೆ. ಮೊದಲೇ ಹೇಳಬೇಕು ಅನ್ನುವುದು ನನ್ನ ಪಟ್ಟು. ಲೋಟದ ಸದ್ದು ಕೂಡ ಆಗ ಬೇಕು ಅನ್ನಿಸುತ್ತದೆ.

ಹೇಳಿದ್ದು ಕೆಲವರಿಗೆ ಹಿಡಿಸಲ್ಲ. ಆಗ ನಾನು ವಾದಕ್ಕೆ ಇಳಿಯಲ್ಲ, ಎಲ್ಲಿ ನಿಲ್ಲಿಸಿದಿರಿ ಅಂತ ಕೇಳುತ್ತೇನೆ. ಯಾವ ಜಾಗದಲ್ಲಿ ಬೇಸರ ಬಂತು ಅನ್ನುವುದರಲ್ಲಿ ಮುಂದಿನ ಆಲ್ಬಮ್ ಯಾವುದು ಅಂತ ಗೊತ್ತಾಗುತ್ತದೆ. ಡ್ರಮ್ಸ್ ಸೋಲೋ ತಡೆಯಲಾಗಲಿಲ್ಲ ಅಂದರೆ ಡ್ರಮ್ಸೇ ಇಲ್ಲದ ಕೀತ್ ಜ್ಯಾರೆಟ್ ಅವರ 'ಕೋಲ್ನ್ ಕಾನ್ಸರ್ಟ್' ಇದೆ, ಒಬ್ಬರೇ ಕೂತು ಪಿಯಾನೋ ನುಡಿಸಿದ್ದು.

ಸದ್ಯಕ್ಕೆ ನಾನು ಹಚರ್ಸನ್ ಅವರ 1965ರ 'ಕಾಂಪೊನೆಂಟ್ಸ್'ನಿಂದ ಜೋ ಚೇಂಬರ್ಸ್ ಅನ್ನುವ ಡ್ರಮ್ಮರ್ ಹಿಂದೆ ಬಿದ್ದಿದ್ದೇನೆ. ಆ ಆಲ್ಬಮ್‌ನ ಒಂದು ಬದಿಯ ಟ್ಯೂನ್‌ಗಳೆಲ್ಲ ಹಚರ್ಸನ್‌ರದ್ದು, ಇನ್ನೊಂದು ಬದಿಯವೆಲ್ಲ ಈ ಡ್ರಮ್ಮರ್‌ದು. ಶಾರ್ಟರ್ ಅವರ 'ಎಟ್ಸೆಟ್ರಾ'ದಲ್ಲೂ ಇವರೇ ಇದ್ದಾರೆ. ಅದರ 'ಇಂಡಿಯನ್ ಸಾಂಗ್' ಹನ್ನೊಂದು ನಿಮಿಷಕ್ಕೂ ಜಾಸ್ತಿ ಇದೆ, ಮುಂದಿನ ಸಲ ಗೆಳೆಯರ ಮುಂದೆ ಹೆಸರು ಹೇಳದೆ ಹಾಕುವುದು ಅದನ್ನೇ.