ಪರದೆಯಲ್ಲಿ 80, ಲೆಕ್ಕದಲ್ಲಿ 282

ಹರಿಹರ ತಾಲ್ಲೂಕಿನ ಒಂದು ದೊಡ್ಡ ರೈಸ್ ಮಿಲ್ಲಿನಲ್ಲಿ ಬಾಯ್ಲರ್ ನೋಡಿಕೊಳ್ಳುವುದು ನನ್ನ ಕೆಲಸ. ಗಂಟೆಗೆ 10 ಟನ್ ಹಬೆ ಕೊಡುವ ಬಾಯ್ಲರ್. ಉರುವಲು ನಮ್ಮದೇ ಭತ್ತದ ಹೊಟ್ಟು. ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರ ನವೀಕರಣದ ಸಮಯ ಬಂದಾಗ ಸಾಹುಕಾರರು ಕರೆದು ಕೇಳಿದರು: "ನಮ್ಮ ಚಿಮಣಿಯಿಂದ ವರ್ಷಕ್ಕೆ ಎಷ್ಟು ನಾಕ್ಸ್ ಹೋಗುತ್ತೆ? ಎಷ್ಟರ ಒಳಗೆ ಇರಬೇಕು? ಟನ್ ಲೆಕ್ಕದಲ್ಲಿ ಹೇಳಿ."

ನಾಕ್ಸ್ ಅಂದರೆ ನೈಟ್ರೋಜನ್ ಆಕ್ಸೈಡ್‌ಗಳು. ಬಿಸಿಲಿಗೆ ಸಿಕ್ಕರೆ ಇವೇ ನೆಲಮಟ್ಟದಲ್ಲಿ ಓಜೋನ್ ಹುಟ್ಟಿಸುತ್ತವೆ. ಮಿಲ್ಲಿನ ಹಿಂದಿನ ಊರಲ್ಲೇ ನನ್ನ ಮನೆ ಇದೆ. ನನ್ನ ಮಕ್ಕಳು ಉಸಿರಾಡುವುದು ಇದೇ ಗಾಳಿ. ಹಾಗಾಗಿ ಸುಮ್ನೆ ಕಾಗದ ತುಂಬಿಸುವ ಕೆಲಸ ಅಂತ ನನಗೆ ಅನ್ನಿಸಲಿಲ್ಲ.

ನಮ್ಮ ಪತ್ರದಲ್ಲಿದ್ದ ಮಿತಿ ಒಂದೇ ಸಾಲು: ಒಂದು ಘನ ಮೀಟರ್ ಒಣ ಹೊಗೆಯಲ್ಲಿ 300 ಮಿಲಿಗ್ರಾಂ, ಶೇ. 6 ಆಕ್ಸಿಜನ್ ಲೆಕ್ಕದಲ್ಲಿ. ಕೈಯಲ್ಲಿ ಒಂದು ಹಳೆ ವರದಿಯೂ ಇತ್ತು. ಹೊರಗಿನವರು ಬಂದು ಅಳೆದು ಕೊಟ್ಟಿದ್ದು. ಅದರಲ್ಲಿ ನಾಕ್ಸ್ 98 ಮಿಲಿಗ್ರಾಂ ಎಂದಿತ್ತು. ಮಿತಿಯ ಮೂರನೇ ಒಂದು ಭಾಗ! ನಂಬಲು ಮನಸ್ಸಾಗಲಿಲ್ಲ. ಹೊಗೆ ಅಳೆಯುವ ಅನಲೈಸರ್ ಬಾಡಿಗೆಗೆ ತರಿಸಿ, ಚಿಮಣಿಯ ಮೆಟ್ಟಿಲು ಹತ್ತಿ ನಾನೇ ಅಳೆದೆ. ಪರದೆಯಲ್ಲಿ 80 ಪಿಪಿಎಂ ಬಂತು, ಅಂದರೆ ಹೊಗೆಯ ಹತ್ತು ಲಕ್ಷ ಭಾಗದಲ್ಲಿ 80 ಭಾಗ. ಆಕ್ಸಿಜನ್ ಶೇ. 13.

ಹಳೆ ವರದಿಯ 98 ಎಲ್ಲಿಂದ ಬಂತು ಅಂತ ಆಗ ಗೊತ್ತಾಯಿತು. ಚಿಮಣಿಯಲ್ಲಿ ಇರುವುದು ಬಹುಪಾಲು ನೈಟ್ರಿಕ್ ಆಕ್ಸೈಡ್. ಅದರ ಅಣುತೂಕ 30. ಆದರೆ ಲೆಕ್ಕ ಒಪ್ಪಿಸಬೇಕಾದ್ದು ನೈಟ್ರೋಜನ್ ಡೈಆಕ್ಸೈಡ್ ರೂಪದಲ್ಲಿ, ಅಂದರೆ 46. ಹೊರಗೆ ಹೋದ ಮೇಲೆ ಅದು ಆಗುವುದೂ ಅದೇ ತಾನೇ. 25 ಡಿಗ್ರಿಯಲ್ಲಿ ಒಂದು ಪಿಪಿಎಂ ಅಂದರೆ 1.88 ಮಿಲಿಗ್ರಾಂ. ವರದಿ ಕೊಟ್ಟವರು 30ರ ಲೆಕ್ಕ ಹಿಡಿದು 1.23ರಿಂದ ಗುಣಿಸಿದ್ದರು. ಸರಿಯಾಗಿ ಗುಣಿಸಿದರೆ 80ಕ್ಕೆ 150.4 ಮಿಲಿಗ್ರಾಂ ಬರುತ್ತದೆ.

ಅಲ್ಲಿಗೂ ಮುಗಿಯಲಿಲ್ಲ. ಶೇ. 13 ಆಕ್ಸಿಜನ್ ಇದೆ ಅಂದರೆ ಹೊಗೆಗೆ ಬೇಡದ ಗಾಳಿ ಬೆರೆತಿದೆ ಅಂತ ಅರ್ಥ. ಹಾಲಿಗೆ ನೀರು ಬೆರೆಸಿ ಕೆನೆ ಅಳೆದ ಹಾಗೆ. ಅದನ್ನು ಶೇ. 6ಕ್ಕೆ ತರಬೇಕು. ಗಾಳಿಯಲ್ಲಿ ಆಕ್ಸಿಜನ್ ಶೇ. 21: 21ರಲ್ಲಿ 6 ಕಳೆದರೆ 15, 21ರಲ್ಲಿ 13 ಕಳೆದರೆ 8. ಹದಿನೈದನ್ನು ಎಂಟರಿಂದ ಭಾಗಿಸಿ 150.4ಕ್ಕೆ ಗುಣಿಸಿದೆ. 282 ಬಂತು. ವರದಿಯ 98 ಎಲ್ಲಿ, ಈ 282 ಎಲ್ಲಿ! ರಾತ್ರಿ ಮೂರು ಸಲ ಲೆಕ್ಕ ಹಾಕಿದರೂ ಅಷ್ಟೇ.

ಮರುದಿನ ಗಾಳಿ ಎಲ್ಲಿಂದ ನುಗ್ಗುತ್ತಿದೆ ಅಂತ ಹುಡುಕಿದೆವು. ನಮ್ಮ ಬಾಯ್ಲರ್ ಅಟೆಂಡೆಂಟ್ ನನಗಿಂತ ಹಿರಿಯರು, ನಾನು ಅಣ್ಣ ಅಂತಲೇ ಕರೆಯುವುದು. ಅವರು ಒಂದು ಊದುಬತ್ತಿ ಹಚ್ಚಿ, ಎಕನಮೈಸರ್ (ಹೊರಹೋಗುವ ಹೊಗೆಯ ಶಾಖದಿಂದ ನೀರು ಬಿಸಿ ಮಾಡುವ ಭಾಗ) ಬಾಗಿಲಿನ ಅಂಚಿನುದ್ದಕ್ಕೂ ನಿಧಾನಕ್ಕೆ ಹಿಡಿದುಕೊಂಡು ಹೋದರು. ಕೆಳಗಿನ ಮೂಲೆಗೆ ಬಂದಾಗ ಹೊಗೆಯ ಎಳೆ ತಟ್ಟನೆ ಬಾಗಿ ಒಳಗೆ ಹೋಯಿತು. ಅಲ್ಲಿ ಬಾಗಿಲಿನ ಸಂದು ಮುಚ್ಚುವ ರೋಪ್ ಪೂರ್ತಿ ಸುಟ್ಟು ಪುಡಿಯಾಗಿತ್ತು. ಹೊಸದು ಹಾಕಿ ಬಿಗಿ ಮಾಡಿ ಮತ್ತೆ ಅಳೆದೆವು. ಆಕ್ಸಿಜನ್ ಶೇ. 9ಕ್ಕೆ ಇಳಿಯಿತು. ಪಿಪಿಎಂ ಮಾತ್ರ 80ರಿಂದ 120ಕ್ಕೆ ಏರಿತು.

"ಸರ್, ಜಾಸ್ತಿ ಆಯ್ತಲ್ಲ!" ಅಂದರು ಅಣ್ಣ ಗಾಬರಿಯಾಗಿ.

"ಇಲ್ಲಣ್ಣ, ಗುಣಿಸಿ ನೋಡಿ" ಅಂದೆ. 120ನ್ನು 1.88ರಿಂದ ಗುಣಿಸಿ, ಹದಿನೈದನ್ನು ಹನ್ನೆರಡರಿಂದ ಭಾಗಿಸಿ ಅದಕ್ಕೂ ಗುಣಿಸಿದರೆ ಮತ್ತೆ ಅದೇ 282. ಗಾಳಿ ಸೇರುತ್ತಿದ್ದದ್ದು ಕುಲುಮೆ ದಾಟಿದ ಮೇಲೆ. ಅದರಿಂದ ನಾಕ್ಸ್ ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ. ಪಿಪಿಎಂ ಒಂದನ್ನೇ ನೋಡಿ ಖುಷಿಪಡಬಾರದು ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಇನ್ನು ಟನ್ನಿನ ಲೆಕ್ಕ. ಒಂದು ಕೆಜಿ ಹೊಟ್ಟು ಉರಿದರೆ ಶೇ. 6 ಆಕ್ಸಿಜನ್‌ನಲ್ಲಿ ಸುಮಾರು 5 ಘನ ಮೀಟರ್ ಒಣ ಹೊಗೆ. ಬಾಯ್ಲರ್ ಪೂರ್ತಿ ಓಡಿದರೆ ಗಂಟೆಗೆ 2,500 ಕೆಜಿ ಹೊಟ್ಟು, ವರ್ಷಕ್ಕೆ 7,200 ಗಂಟೆ. ಇದನ್ನು 300 ಮಿಲಿಗ್ರಾಂಗೆ ಗುಣಿಸಿದರೆ ವರ್ಷದ ಮಿತಿ 27 ಟನ್. ಸಾಹುಕಾರರಿಗೆ ಈ ಅಂಕಿ ಹಿಡಿಸಿತು. ನನಗೆ ಹಿಡಿಸಲಿಲ್ಲ. ಯಾಕೆಂದರೆ ಬಾಯ್ಲರ್ ಯಾವತ್ತೂ ಹಾಗೆ ಓಡುವುದಿಲ್ಲ. ಉರಿಸುವ ಹೊಟ್ಟನ್ನು ನಮ್ಮಲ್ಲಿ ಯಾರೂ ತೂಗುವುದಿಲ್ಲ, ಆದರೆ ಭತ್ತ ತೂಗಿಯೇ ಒಳಗೆ ಬರುತ್ತದೆ. ಒಂದು ಕ್ವಿಂಟಲ್ ಭತ್ತಕ್ಕೆ ಸುಮಾರು 20 ಕೆಜಿ ಹೊಟ್ಟು. 63,000 ಟನ್ ಭತ್ತಕ್ಕೆ 12,600 ಟನ್ ಹೊಟ್ಟು, 6.3 ಕೋಟಿ ಘನ ಮೀಟರ್ ಹೊಗೆ. ಈಗ ಮಿತಿ 18.9 ಟನ್. ನಾವು ನಿಜವಾಗಿ ಬಿಡುತ್ತಿದ್ದದ್ದು 17.8.

ಎಷ್ಟು ಉರುವಲನ್ನು ಆಧಾರವಾಗಿ ಹಿಡಿಯಬೇಕು ಅನ್ನುವುದೇ ಇಡೀ ಲೆಕ್ಕದ ಜೀವ. ಲಾಸ್ ಏಂಜಲೀಸ್ ಭಾಗದಲ್ಲಿ 1994ರಲ್ಲಿ ಕಾರ್ಖಾನೆಗಳಿಗೆ ವರ್ಷದ ನಾಕ್ಸ್ ಮಿತಿ ಹಾಕಿದಾಗ, ಉತ್ಪಾದನೆ ಜಾಸ್ತಿ ಇದ್ದ ವರ್ಷಗಳನ್ನು ಹಿಡಿದರು. ಮೊದಲ ವರ್ಷಗಳಲ್ಲಿ ಮಿತಿ ನಿಜವಾದ ಹೊಗೆಗಿಂತ ಎತ್ತರದಲ್ಲೇ ಇತ್ತು. ಹಾಗಾದರೆ ಮಿತಿ ಇದ್ದೂ ಏನು ಪ್ರಯೋಜನ? ನಮ್ಮ ದೇಶದಲ್ಲಿ 2019ರಲ್ಲಿ ಸೂರತ್‌ನಲ್ಲಿ ಶುರುವಾದ ಇಂಥದೇ ವ್ಯವಸ್ಥೆ ಧೂಳಿನ ಕಣಗಳಿಗೆ ಸಂಬಂಧಿಸಿದ್ದು, ಆದರೆ ಅಲ್ಲೂ ಎಣಿಸುವುದು ಕೆಜಿಯನ್ನೇ. ಅದು ಸರಿಯಾದ ದಾರಿ ಅಂತ ನನ್ನ ಅಭಿಪ್ರಾಯ. ಸಾಹುಕಾರರ ಜೊತೆ ಎರಡು ದಿನ ಕೂತು ಮಾತಾಡಿದೆ. ಕೊನೆಗೆ 18.9ಕ್ಕೇ ಒಪ್ಪಿದರು.

ಡೀಸೆಲ್ ಜನರೇಟರ್ ಲೆಕ್ಕ ಬೇರೆಯೇ ಇಟ್ಟೆ. ಅದಕ್ಕೆ ಹಿಡಿಯುವ ಆಕ್ಸಿಜನ್ ಶೇ. 15. ಎರಡರ ಮಿಲಿಗ್ರಾಂ ಕೂಡಿಸಬಾರದು, ಕೆಜಿಗೆ ತಂದ ಮೇಲೆ ಕೂಡಿಸಬೇಕು.

ಆಮೇಲೆ ಮಳೆಗಾಲ ಬಂತು. ಹೊಟ್ಟು ನೆನೆದು ಉರಿಯದಾಯಿತು. ಚಳ್ಳಕೆರೆಯಿಂದ ಶೇಂಗಾ ಸಿಪ್ಪೆ ತರಿಸಿ 20 ದಿನ ಉರಿಸಿದೆವು. ಒಳ್ಳೆ ಶಾಖ, ಬೂದಿ ಕಡಿಮೆ. ಎಲ್ಲರಿಗೂ ಖುಷಿ. ಅಳೆದರೆ 355! ಹೊಟ್ಟಿನ ಕುಲುಮೆಯಲ್ಲಿ ಗಾಳಿಯ ನೈಟ್ರೋಜನ್ ಸುಡುವಷ್ಟು ಬಿಸಿ ಇರುವುದಿಲ್ಲ, ನಾಕ್ಸ್ ಬರುವುದು ಉರುವಲಿನೊಳಗಿನ ನೈಟ್ರೋಜನ್‌ನಿಂದ. ಹೊಟ್ಟಿನಲ್ಲಿ ಅದು ಅರ್ಧ ಪರ್ಸೆಂಟ್ ಆಸುಪಾಸು, ಶೇಂಗಾ ಸಿಪ್ಪೆಯಲ್ಲಿ ಒಂದರ ಹತ್ತಿರ.

ವರ್ಷದ ಮೊತ್ತಕ್ಕೆ ಈ 20 ದಿನ ಹೆಚ್ಚುವರಿಯಾಗಿ ಸೇರಿಸಿದ್ದು ಸುಮಾರು 300 ಕೆಜಿ ಅಷ್ಟೇ. ಒಟ್ಟು 18.1 ಟನ್, ಮಿತಿಯ ಒಳಗೇ. ಆದರೆ ಆ ದಿನಗಳಲ್ಲಿ 300ರ ಗೆರೆ ದಾಟಿದ್ದು ನಿಜ ಅಲ್ವಾ? ವರ್ಷದ ಲೆಕ್ಕ ತೋರಿಸಿ ಅದನ್ನು ಮುಚ್ಚಲು ನಾನು ತಯಾರಿರಲಿಲ್ಲ. ರಿಜಿಸ್ಟರ್‌ನಲ್ಲಿ ಇದ್ದದ್ದು ಇದ್ದ ಹಾಗೆ ಬರೆದೆ. ಸಿಪ್ಪೆಯ ಶಾಖ ಜಾಸ್ತಿ ಇರುವುದರಿಂದ ಕೆಜಿ ಬದಲು ಶಾಖದ ಮೇಲೆ ಲೆಕ್ಕ ಹಾಕಿ, ಎಷ್ಟು ಬೆರೆಸಬಹುದು ಅಂತ ನೋಡಿದೆ. ಈಗ ಬಾಯ್ಲರ್ ಮನೆಯ ಬೋರ್ಡಿನಲ್ಲಿ ಅಣ್ಣನ ಕೈಬರಹದಲ್ಲಿ ಹೀಗಿದೆ: "ಐದು ಕೆಜಿ ಹೊಟ್ಟಿಗೆ ಒಂದು ಕೆಜಿ ಸಿಪ್ಪೆ. ಜಾಸ್ತಿ ಬೇಡ." ಅದರ ಕೆಳಗೆ ಆ ದಿನದವರೆಗಿನ ನಾಕ್ಸ್ ಕೆಜಿ.