ಇಳಿಯುವ ಗೋಡೆಗೆ ಜಾಗ ಬಿಡಿ: ಚಳಿನಾಡಿನಲ್ಲಿ ದಿಮ್ಮಿಮನೆ ಕಟ್ಟುವ ಬಗೆ

ಹಸಿ ದಿಮ್ಮಿಯಲ್ಲಿ ಕಟ್ಟಿದ ಗೋಡೆ ಒಣಗುತ್ತಾ ಎತ್ತರದಲ್ಲಿ ಸುಮಾರು 6% ಇಳಿಯುತ್ತದೆ. ಮರ ಅಡ್ಡಡ್ಡ ಕುಗ್ಗುತ್ತದೆ, ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕಿಲ್ಲದಷ್ಟು. ಹಾಗಾಗಿ ಮಲಗಿದ ದಿಮ್ಮಿಗಳ ಗೋಡೆ ಇಳಿಯುತ್ತದೆ, ನಿಂತ ಕಂಬ, ಬಾಗಿಲ ಚೌಕಟ್ಟು, ಹೊಗೆಕೊಳವೆ ಇದ್ದಲ್ಲೇ ಇರುತ್ತವೆ. ಇಂಥ ಮನೆಗಳಲ್ಲಿ ಕೆಡುವ ಅರ್ಧಕ್ಕರ್ಧ ಕೆಲಸ ಈ ಒಂದು ಸಂಗತಿಯನ್ನು ಮರೆತದ್ದರಿಂದಲೇ ಕೆಡುತ್ತದೆ.

ಒಳಅಳತೆ 4×5 ಮೀಟರ್, ಗೋಡೆ 2.4 ಮೀಟರ್ ಎಂದಿಟ್ಟುಕೊಳ್ಳಿ. ನಡುವಿನಲ್ಲಿ 25 ಸೆಂ.ಮೀ. ದಪ್ಪದ ಸ್ಪ್ರೂಸ್ ಅಥವಾ ಪೈನ್ ದಿಮ್ಮಿ ಬೇಕು. ಒಂದರೊಳಗೊಂದು ಕೂರುವುದರಿಂದ ಒಂದು ವರಸೆಗೆ ದಕ್ಕುವುದು 21–22 ಸೆಂ.ಮೀ. ಮಾತ್ರ. ಹನ್ನೆರಡು ವರಸೆಗೆ ಸುಮಾರು 2.55 ಮೀಟರ್ ಏರುತ್ತದೆ, 15 ಸೆಂ.ಮೀ. ಇಳಿದ ಮೇಲೆ 2.4 ಉಳಿಯುತ್ತದೆ. ಒಟ್ಟು 48 ದಿಮ್ಮಿ, ಡೊಂಕು ಬಂದದ್ದಕ್ಕೆ ಬದಲಿಯಾಗಿ ಇನ್ನೈದು. ಮೂಲೆಯಾಚೆ ಎರಡೂ ಕಡೆ 30 ಸೆಂ.ಮೀ. ಚಾಚಬೇಕಾದ್ದರಿಂದ, ಕೊನೆಗೆ ತುದಿ ಸವರಲೂ ಒಂದಿಷ್ಟು ಸೇರಿಸಿ, 5.5 ಮತ್ತು 6.5 ಮೀಟರ್ ಉದ್ದಕ್ಕೆ ಕತ್ತರಿಸಿ. ಉದ್ದದ ಹಸಿ ದಿಮ್ಮಿ ಒಂದೊಂದೂ 250 ಕಿಲೋ ಆಸುಪಾಸು ತೂಗುತ್ತದೆ. ಎರಡು ಇಳಿಜಾರು ಕಂಬ ಆನಿಸಿ, ಹಗ್ಗ ಸುತ್ತಿ ಉರುಳಿಸಿಕೊಂಡೇ ಮೇಲೇರಿಸಬೇಕು.

ಮರ ಕಡಿಯಲು ಚಳಿಗಾಲವೇ ಸರಿ. ಹಿಮದ ಮೇಲೆ ಎಳೆದರೆ ತೊಗಟೆಗೆ ಮಣ್ಣು ಮೆತ್ತಿ ಗರಗಸದ ಹಲ್ಲು ಮೊಂಡಾಗುವುದಿಲ್ಲ. ಬೂಷ್ಟು, ದುಂಬಿಗಳೂ ಆಗ ಸುಮ್ಮನಿರುತ್ತವೆ. ಬೆಚ್ಚಗಾಗುವ ಮೊದಲೇ ಎರಡು ಹಿಡಿಯ ಕತ್ತಿಯಿಂದ ತೊಗಟೆ ಹೆರೆಯಿರಿ. ತೊಗಟೆ ಉಳಿದರೆ ದುಂಬಿ ಅದರಡಿಯೇ ಮನೆ ಮಾಡುತ್ತದೆ. ಹೆರೆದ ದಿಮ್ಮಿಗಳನ್ನು ನೆಲದಿಂದ ಒಂದಡಿ ಎತ್ತರದಲ್ಲಿ, ನಡುವೆ ಪಟ್ಟಿ ಕೊಟ್ಟು, ಗಾಳಿಯಾಡುವಂತೆ ಒಟ್ಟಿ.

ತಳಪಾಯದ ವಿಷಯಕ್ಕೆ ಬಂದರೆ ಶತ್ರು ಚಳಿಯೊಂದೇ ಅಲ್ಲ. ಸಣ್ಣ ಕಣದ ಮಣ್ಣು, ನೀರು, ಚಳಿ ಮೂರೂ ಕೂಡಿದಾಗ ಮಣ್ಣಿನೊಳಗೆ ಮಂಜುಗಡ್ಡೆಯ ಪದರ ಬೆಳೆದು ಕಂಬವನ್ನು ಮೇಲೆತ್ತುತ್ತದೆ. ಮೂರರಲ್ಲಿ ಒಂದನ್ನು ತಪ್ಪಿಸಿದರೆ ಸಾಕು. ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗೆ ಅಗೆದು ಕಾಂಕ್ರೀಟ್ ಕಂಬ ನಿಲ್ಲಿಸಿ. ಆ ಆಳ ಎಷ್ಟೆಂದು ಸ್ಥಳೀಯ ಕಟ್ಟಡ ಕಚೇರಿಯಲ್ಲಿ ಕೇಳಿ. ಕಂಬದ ಮೈ ನುಣ್ಣಗಿರಲಿ, ಬುಡ ಅಗಲವಾಗಿರಲಿ, ಸುತ್ತ ದಪ್ಪ ಜಲ್ಲಿ ತುಂಬಿ. ಒರಟು ಮೈಯಾದರೆ ಹೆಪ್ಪುಗಟ್ಟಿದ ಮಣ್ಣು ಅದನ್ನೇ ಹಿಡಿದು ಎಳೆಯುತ್ತದೆ. ವರ್ಷವಿಡೀ ಕರಗದ ಹೆಪ್ಪುನೆಲವಾದರೆ ಲೆಕ್ಕವೇ ತಿರುಗುಮುರುಗು: ಅಲ್ಲಿ ಮನೆಯ ಬಿಸಿಯೇ ನೆಲವನ್ನು ಕರಗಿಸಿ ಮನೆಯನ್ನು ಹೂಳುತ್ತದೆ. ಅಗೆಯಬೇಡಿ, ದಪ್ಪ ಜಲ್ಲಿಹಾಸಿನ ಮೇಲೆ ಮನೆಯನ್ನು ಎತ್ತರಿಸಿ, ಅಡಿಯಲ್ಲಿ ಗಾಳಿ ಬೀಸಲು ಬಿಡಿ. ಎಲ್ಲಿ ಕಟ್ಟಿದರೂ ಕೆಳದಿಮ್ಮಿ ನೆಲದಿಂದ 45 ಸೆಂ.ಮೀ. ಮೇಲಿರಲಿ.

ಮೊದಲ ವರಸೆಯಲ್ಲಿ ಎದುರುಬದುರಿನ ಎರಡು ಗೋಡೆಗೆ ಸೀಳಿದ ಅರೆದಿಮ್ಮಿ ಇಡಿ, ಉಳಿದೆರಡಕ್ಕೆ ಇಡೀ ದಿಮ್ಮಿ. ಮೂಲೆಯಲ್ಲಿ ಒಂದು ಗೋಡೆ ಇನ್ನೊಂದಕ್ಕಿಂತ ಅರ್ಧ ದಪ್ಪ ಮೇಲಿರಬೇಕಲ್ಲ. ವರಸೆ ಏರಿದಂತೆ ಬುಡ, ತುದಿ ಅದಲುಬದಲಾಗಲಿ. ಇಲ್ಲದಿದ್ದರೆ ನಾಲ್ಕನೇ ವರಸೆಗೇ ಗೋಡೆ ಒಂದು ಕಡೆ ಏರಿ ಕೂತಿರುತ್ತದೆ.

ಇನ್ನು ಕೆಲಸದ ಜೀವಾಳ, ಗೆರೆ ಎಳೆಯುವುದು: ಕೆಳದಿಮ್ಮಿಯ ಉಬ್ಬುತಗ್ಗನ್ನು ಕೈವಾರದಿಂದ ಮೇಲಿನ ದಿಮ್ಮಿಯ ಮೇಲೆ ಮೂಡಿಸುವುದು. ದಿಮ್ಮಿಯನ್ನು ಜಾಗದಲ್ಲಿಟ್ಟು, ಅಲುಗದಂತೆ ಕಬ್ಬಿಣದ ಕೊಕ್ಕೆ ಬಡಿದು, ಮೂಲೆಗಳಲ್ಲಿ ಕೆಳಗಿನ ಅಡ್ಡದಿಮ್ಮಿಯ ಮೇಲೆ ಕೂರುವ ಕಚ್ಚನ್ನು ಒರಟಾಗಿ ತೆಗೆಯಿರಿ. ದಿಮ್ಮಿ ಕೆಳಗಿಳಿದು ಸಂದು ಕಿರಿದಾಗುತ್ತದೆ. ಈಗ ಎರಡು ದಿಮ್ಮಿಗಳ ನಡುವೆ ಸಂದು ಅತಿ ಅಗಲ ಎಲ್ಲಿದೆಯೋ ಅಲ್ಲಿ ಅಳೆಯಿರಿ. ಅದಕ್ಕಿಂತ ಒಂದು ಸೆಂ.ಮೀ. ಹೆಚ್ಚಿಗೆ ಕೈವಾರ ಬಿಗಿದು, ಕಚ್ಚಿನ ಸುತ್ತಲೂ ದಿಮ್ಮಿಯ ಎರಡು ಪಕ್ಕಗಳ ಉದ್ದಕ್ಕೂ ಗೆರೆ ಹಾಕಿ. ರಸಮಟ್ಟ ಕೂಡಿಸಿದ ಕೈವಾರವೇ ಬೇಕು. ಅದು ವಾಲಿದರೆ ಗೆರೆ ಕಣ್ಣಿಗೆ ಸರಿಯಾಗೇ ಕಾಣುತ್ತದೆ, ದಿಮ್ಮಿ ಕೂರಿಸಿದಾಗ ಬೆರಳು ತೂರುವಷ್ಟು ಕಂಡಿ ಬಿಟ್ಟಿರುತ್ತದೆ. ಮಧ್ಯೆ ಕೈವಾರದ ಅಳತೆಯನ್ನು ಮುಟ್ಟಲೇಬೇಡಿ.

ದಿಮ್ಮಿ ಹೊರಳಿಸಿ ಗೆರೆಗಳ ನಡುವೆ ಉದ್ದ ತೋಡು ಕೊರೆಯಿರಿ. ಗೆರೆಯ ತನಕ ಉಳಿಯಲ್ಲಿ ಅಂಚು ತೆಗೆದು, ಒಳಗೆ ಹೊಟ್ಟೆ ಬಿಡಿಸಿದಂತೆ ಇನ್ನಷ್ಟು ಆಳ ಮಾಡಿ. ಕೆಳದಿಮ್ಮಿಗೆ ತಾಗಬೇಕಾದ್ದು ಎರಡು ಅಂಚು ಮಾತ್ರ. ನಡುವಿನ ಪೊಳ್ಳಿಗೆ ಉಣ್ಣೆಯನ್ನೋ ಒಣಪಾಚಿಯನ್ನೋ ತುಂಬಬೇಕು. ತೋಡಿನ ಅಗಲ ಎಲ್ಲೂ 6–7 ಸೆಂ.ಮೀ.ಗಿಂತ ಕಡಿಮೆಯಾಗದಿರಲಿ. ಕಚ್ಚು, ತೋಡು ಎರಡೂ ಯಾವಾಗಲೂ ಮೇಲಿನ ದಿಮ್ಮಿಯ ಹೊಟ್ಟೆಯಲ್ಲೇ. ಕೆಳದಿಮ್ಮಿಯ ಬೆನ್ನಲ್ಲಿ ಬಟ್ಟಲಂತೆ ಕೊರೆದರೆ ಮಳೆನೀರು ನಿಂತು ಮೂಲೆಯೇ ಕೊಳೆಯುತ್ತದೆ. ಬೆನ್ನಿಗೆ ಬೇಕಾದ್ದು ಉದ್ದಕ್ಕೂ ಒಂದು ಗರಗಸದ ಸೀಳು, ದಪ್ಪದ ಕಾಲು ಭಾಗದಷ್ಟು ಆಳ, ಮೇಲಿನ ತೋಡು ಮುಚ್ಚುವ ಜಾಗದಲ್ಲಿ. ದಿಮ್ಮಿ ಒಣಗುವಾಗ ಹೇಗೂ ಬಿರಿಯುತ್ತದೆ. ಈ ಸೀಳಿದ್ದರೆ ಬಿರುಕು ಅಲ್ಲೇ ಅಡಗುತ್ತದೆ, ಗೋಡೆಯ ಮುಖಕ್ಕೆ ಬರುವುದು ಕಡಿಮೆ.

ಬಾಗಿಲು ಕಿಟಕಿಗಳ ಜಾಗವನ್ನು ಗೋಡೆ ಎದ್ದ ಮೇಲೆ ಕತ್ತರಿಸಿ. ಕತ್ತರಿಸಿದ ದಿಮ್ಮಿತುದಿಗಳಲ್ಲಿ ಮೇಲಿಂದ ಕೆಳಗೆ ಒಂದು ತೋಡು ಕೊರೆದು ಅದರೊಳಗೆ ಮರದ ಪಟ್ಟಿ ಇಳಿಸಿ, ಚೌಕಟ್ಟಿನ ಮೊಳೆ ಆ ಪಟ್ಟಿಗೆ ಮಾತ್ರ ಬೀಳಲಿ. ದಿಮ್ಮಿಗೆ ಬಡಿದರೆ ಗೋಡೆ ಮೊಳೆಯಲ್ಲಿ ನೇತಾಡುತ್ತದೆ, ಅದರ ಕೆಳಗಿನ ವರಸೆಗಳು ಇಳಿದು ಗಾಳಿ ನುಗ್ಗುತ್ತದೆ. ಚೌಕಟ್ಟಿನ ನೆತ್ತಿಯ ಮೇಲೆ ಖಾಲಿ ಬಿಡಿ: 2 ಮೀಟರ್ ಬಾಗಿಲಿಗೆ 12 ಸೆಂ.ಮೀ., 1.2 ಮೀಟರ್ ಕಿಟಕಿಗೆ 7. ಉಣ್ಣೆಯನ್ನು ಸಡಿಲವಾಗಿ ತುರುಕಿ, ಮರೆಗೆ ಹಲಗೆಯನ್ನು ಮೇಲಿನ ದಿಮ್ಮಿಗೆ ಮಾತ್ರ ಹೊಡೆಯಿರಿ.

ದಿಮ್ಮಿಗೋಡೆ ಶಾಖ ತಡೆಯುವುದರಲ್ಲಿ ಅಂಥ ಜಾಣನೇನಲ್ಲ. ಸಂದು ಬಿಗಿಯಿದ್ದರೆ ನಿಭಾಯಿಸುತ್ತದೆ, ಅಷ್ಟೆ. ಬಿಸಿ ಉಳಿಸಬೇಕಾದ್ದು ಮಾಡಿನಲ್ಲಿ. 30 ಸೆಂ.ಮೀ. ಗ್ಲಾಸ್ ವುಲ್, ಅದರ ಒಳಬದಿಗೆ ಆವಿ ತಡೆಯುವ ಹಾಳೆ, ಮೇಲೆ ಗಾಳಿಯಾಡಲು 5 ಸೆಂ.ಮೀ. ತೆರಪು. ತೆರಪಿಲ್ಲದಿದ್ದರೆ ಹಿಮ ಕರಗಿ, ಸೂರಿನಂಚಿನಲ್ಲಿ ಮತ್ತೆ ಹೆಪ್ಪುಗಟ್ಟಿ, ಹಿಂದೆ ನಿಂತ ನೀರು ಒಳಗಿಳಿಯುತ್ತದೆ. ಸೂರು ಗೋಡೆಯಾಚೆ 75 ಸೆಂ.ಮೀ. ಚಾಚಲಿ. ನೆತ್ತಿತೊಲೆಯ ದಪ್ಪವನ್ನು ಅಂದಾಜಿನಲ್ಲಿ ಹಾಕಬೇಡಿ, ಅಲ್ಲಿನ ಹಿಮಭಾರ ನೋಡಿ ಎಂಜಿನಿಯರ್ ಹೇಳಲಿ. ಹೊಗೆಕೊಳವೆ ಮಾಡು ದಾಟುವಲ್ಲಿ ತಗಡಿನ ಹೊದಿಕೆ ಎರಡು ತುಂಡಾಗಿರಲಿ, ಒಂದರ ಮೇಲೊಂದು ಜಾರುವಂತೆ.

ನಡುಗಂಬವಿದ್ದರೆ ಅದರ ಬುಡಕ್ಕೆ ತಿರುಪಿ ಏರಿಸಿ ಇಳಿಸುವ ಸ್ಕ್ರೂ ಜಾಕ್ ಕೊಡಿ, ಕೈಗೆ ಸಿಗುವ ಕಡೆ. ಒಲೆ ಉರಿಯತೊಡಗಿದ ಮೊದಲ ಚಳಿಗಾಲದಲ್ಲಿ ತಿಂಗಳಿಗೊಮ್ಮೆ ನೋಡಿ. ಕಂಬದ ಮೇಲಿನ ತೊಲೆ ಗೂನುಬೆನ್ನಂತೆ ಉಬ್ಬಿದ್ದರೆ, ತೊಲೆ ಕೂತಿರುವ ಗೋಡೆ ಇಳಿದಿದೆ, ಕಂಬ ಇಳಿದಿಲ್ಲ ಎಂದರ್ಥ. ತೊಲೆ ನೇರವಾಗುವ ತನಕ ಜಾಕನ್ನು ಸ್ವಲ್ಪಸ್ವಲ್ಪವೇ ಇಳಿಸಿ.