ಕಾರ್ ಶೆಡ್ಡಿಗೆ ಶಟರ್ ಬಿಟ್ಟು ನೇತಾಡುವ ಬಾಗಿಲು ಹಾಕಿದೆ

ಕಾರವಾರದ ಕೋಡಿಬಾಗದಲ್ಲಿ ನಮ್ಮ ಮನೆ. ಕಿಟಕಿ ಸರಳು ಒರೆಸಿದ ಬಟ್ಟೆಯಲ್ಲೂ ಉಪ್ಪು ಸಿಗುತ್ತದೆ. ಇಪ್ಪತ್ತು ವರ್ಷದಿಂದ ಫ್ಯಾಬ್ರಿಕೇಶನ್ ಕೆಲಸ ನನ್ನದು. ಊರಿಗೆಲ್ಲ ಶಟರ್ ಹಾಕಿಕೊಟ್ಟವನ ಸ್ವಂತ ಶಟರೇ ನಾಲ್ಕನೇ ಮಳೆಗಾಲಕ್ಕೆ ಅರ್ಧಕ್ಕೆ ನಿಂತಿತು. ಕಾರು ಒಳಗೆ, ನಾನು ಹೊರಗೆ.

ಶಟರ್ ಏರಿಳಿಯುವ ಎರಡು ಪಕ್ಕದ ಕಬ್ಬಿಣದ ಹಳ್ಳ, ಅಂದರೆ ಗೈಡಿನ ಬುಡದಲ್ಲಿ ಮರಳು, ನೀರು ಕೂತು ಕೆಳಗಿನ ನಾಲ್ಕೈದು ಪಟ್ಟಿ ಹಪ್ಪಳದ ಹಾಗೆ ಪುಡಿಯಾಗಿದ್ದವು. ಸ್ಪ್ರಿಂಗೂ ತುಂಡು. ಶಟರಿಗೆ ಸುಮಾರು 16 ಸಾವಿರ ಆಗಿತ್ತು. ರಿಪೇರಿಗೆ ಮತ್ತೆ ಆರೇಳು ಸಾವಿರ ಸುರಿದೆ, ಎರಡು ವರ್ಷವೂ ಬರಲಿಲ್ಲ. ನಡುವೆ ಗೇರುಬೀಜದ ಸಿಪ್ಪೆಯಿಂದ ತೆಗೆದು ದೋಣಿಗೆ ಹಚ್ಚುವ ಗೇರೆಣ್ಣೆಯನ್ನು ಗೈಡಿಗೆ ಹಚ್ಚಿ ನೋಡಿದೆ. ತುಕ್ಕು ನಿಧಾನವಾಯ್ತು ನಿಜ, ಆದರೆ ಮರಳೆಲ್ಲ ಅಲ್ಲೇ ಅಂಟಿಕೊಂಡಿತು. ಕೈಗೆ ತಾಗಿದ್ದು ಬೇರೆ, ಒಂದು ವಾರ ಚರ್ಮ ಸುಲಿಯಿತು.

ಆಮೇಲೆ ನೆಲದ ಮೇಲೆ ರೈಲು ಹಾಕಿ ಸ್ಲೈಡಿಂಗ್ ಮಾಡಿದೆ. ಅದು ಇನ್ನೂ ದೊಡ್ಡ ರಗಳೆ. ಹೆಂಡತಿ ದಿನಾ ಹಿಡಿಸೂಡಿ ಹಿಡಿದು ರೈಲಿನ ಮರಳು ತೆಗೆಯುತ್ತಿದ್ದಳು. "ಇದು ಬಾಗಿಲೋ, ಚರಂಡಿಯೋ?" ಅಂದಳು. ಕಿತ್ತು ಗುಜರಿಗೆ ಹಾಕಿದೆ.

ನೆಲದಲ್ಲಿ ರೈಲೇ ಬೇಡ, ಎಲ್ಲ ಮೇಲಿನ ಟ್ರ್ಯಾಕಿಗೇ ನೇತಾಡಲಿ ಎಂದು ಹೊರಟಾಗ ಮೇಸ್ತ್ರಿ ನಕ್ಕ. ಶಿರಸಿಯಿಂದ ಬಂದ ಹೆಂಡತಿಯ ಅಣ್ಣ, "ಆಷಾಢದ ಗಾಳಿಗೆ ಇದು ಗಾಳಿಪಟ ಆಗ್ತದೆ ಭಾವ" ಎಂದರು. ಅವರ ಮನೆಯ ಮಾಮೂಲಿ ಶಟರಿಗೆ ಹದಿನೈದು ವರ್ಷ. ಘಟ್ಟದ ಮೇಲೆ ಉಪ್ಪುಗಾಳಿ ಎಲ್ಲಿದೆ, ಬೂಷ್ಟು ಒಂದೇ ಅಲ್ವಾ?

ಮೊದಲ ಸಲ ಅವರ ಮಾತೇ ನಿಜವಾಗುವುದರಲ್ಲಿತ್ತು. ಟ್ರ್ಯಾಕನ್ನು ನೇರ ಚಿರೆಕಲ್ಲಿನ ಗೋಡೆಗೆ ಬೋಲ್ಟ್ ಮಾಡಿದ್ದೆ. ತಿಂಗಳೊಳಗೆ ಸಡಿಲ. ಚಿರೆಕಲ್ಲು ಬೋಲ್ಟ್ ಹಿಡಿಯುವುದಿಲ್ಲ ಎಂದು ನನಗೆ ಗೊತ್ತಿರಲಿಲ್ಲವೇ? ಸುಮ್ನೆ ಸೋಮಾರಿತನ. ಬಾಗಿಲು ಪಕ್ಕಕ್ಕೆ ಸರಿಯುವ ಜಾಗವೂ ಸೇರಿ ಹದಿನೆಂಟು ಅಡಿಗೆ ಕಾಂಕ್ರೀಟ್ ಬೀಮ್ ಹಾಕಿಸಿದೆ. ಅದಕ್ಕೇ ಹತ್ತಿರಹತ್ತಿರ 9 ಸಾವಿರ.

ಬಾಗಿಲು ಒಂಬತ್ತು ಅಡಿ ಅಗಲ, ಏಳು ಅಡಿ ಎತ್ತರ. ಪೂರ್ತಿ ಅಲ್ಯೂಮಿನಿಯಂ. ಸ್ಕ್ರೂ 304 ಎಂಬ ಮಾಮೂಲಿ ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದು ಹಾಕಿದ್ದೆ. ಮೊದಲ ಮಳೆಗೇ ಚಹಾದ ಕಲೆ ಬಿದ್ದ ಹಾಗೆ ಕಂದಾಯಿತು. ಉಪ್ಪನ್ನು ಇನ್ನೂ ಚೆನ್ನಾಗಿ ತಡೆಯುವ 316 ದರ್ಜೆಗೆ ಬದಲಿಸಿದೆ, ರೇಟು ಜಾಸ್ತಿ. ಸ್ಟೀಲು ಅಲ್ಯೂಮಿನಿಯಂ ಮುಟ್ಟುವ ಕಡೆಯೆಲ್ಲ ನೈಲಾನ್ ವಾಷರ್ ಬೇಕೇ ಬೇಕು. ಇಲ್ಲದಿದ್ದರೆ ಉಪ್ಪುನೀರು ತಾಗಿ ಅಲ್ಯೂಮಿನಿಯಮ್ಮೇ ಬಿಳಿ ಪುಡಿಯಾಗಿ ಉದುರುತ್ತದೆ. ಗಾಳಿಗೆ ಓಲಾಡದಂತೆ ಕೆಳಗೆ ನೈಲಾನ್ ತುಂಡಿನ ಗೈಡ್, ಎರಡೂ ತುದಿಗೆ ಚಿಲಕ. ಟ್ರ್ಯಾಕಿನೊಳಗೆ ಗ್ರೀಸ್ ಹಾಕುವುದಿಲ್ಲ, ಮರಳು ಹಿಡಿಯುತ್ತದೆ. ಏನು ಹಾಕುತ್ತೇನೆ ಎಂಬುದು ನನ್ನ ಹೊಟ್ಟೆಪಾಡು, ಬಿಟ್ಟುಬಿಡಿ.

ಬೀಮ್ ಸೇರಿ ಒಟ್ಟು 55 ಸಾವಿರದ ಆಸುಪಾಸು. ಮೂರು ಮಳೆಗಾಲ ಕಳೆದವು. ಎಂಟು ವರ್ಷದ ಮಗಳು ಒಂದೇ ಕೈಯಲ್ಲಿ ತಳ್ಳುತ್ತಾಳೆ, ಹಾಗಾಗಿ ಮೋಟರ್ ಹಾಕಿಲ್ಲ. ಮಳೆ ಜೋರಾದರೆ ಪಕ್ಕದ ಸಂದಿಯಿಂದ ಇರಚಲು ಬರುತ್ತದೆ, ಅದನ್ನಿನ್ನೂ ಗೆದ್ದಿಲ್ಲ.

ಇದನ್ನು ನೋಡಿ ನಮ್ಮ ಕೇರಿಯಲ್ಲೇ ಮೂವರು ಮಾಡಿಸಿಕೊಂಡರು. ನಾಲ್ಕನೆಯವರು, "ಶಟರಿನ ರೇಟಿಗೇ ಮಾಡಿಕೊಡು ಮಾರಾಯ" ಎಂದು ವಾರಗಟ್ಟಲೆ ಚೌಕಾಶಿ ಮಾಡಿದರು. ಅವರಿಗೆ ಶಟರನ್ನೇ ಹಾಕಿಕೊಟ್ಟೆ.